ಹಿಂಬದಿಯ ಟೇಬಲ್ ಮೊದಲು, ಮರ ಆಮೇಲೆ

(ಮುಂಬೈಯ ಕನ್ನಡಿಗ ಮರಗೆಲಸಗಾರರು ಮತ್ತು ಹವ್ಯಾಸಿಗಳ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ. ಉಡುಪಿ, ಕಾರ್ಕಳ, ಮೂಡುಬಿದಿರೆಯ ಕಡೆಯಿಂದ ಬಂದು ತಲೆಮಾರುಗಳಿಂದ ಈ ಊರಿನಲ್ಲಿ ಉಳಿ ಹಿಡಿದಿರುವ ಆಚಾರ್ಯರ ಮನೆಯವರು ಇಲ್ಲಿದ್ದಾರೆ. ಕಚೇರಿ ಕೆಲಸ ಮುಗಿಸಿ ರಾತ್ರಿ ಮನೆಯ ಮೂಲೆಯಲ್ಲಿ ಮರ ಕೀಸುವ ಹುಡುಗ ಹುಡುಗಿಯರೂ ಇದ್ದಾರೆ. ಹಿರಿಯರ ಅಪ್ಪಣೆ ಪಡೆದು, ಹಲಗೆಯ ಮುಖವನ್ನೂ ಅಂಚನ್ನೂ ಕೀಸಿ ಸಮ ಮಾಡುವ ಒಂದೇ ಒಂದು ಯಂತ್ರದ ಬಗ್ಗೆ ಮಾತನಾಡುತ್ತೇನೆ. ಕ್ಯಾಟಲಾಗಿನಲ್ಲಿ ಅದನ್ನು ಜಾಯಿಂಟರ್ ಅಥವಾ ಸರ್ಫೇಸ್ ಪ್ಲೇನರ್ ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ರಂದಾ ಮಷೀನ್ ಎಂದರೆ ಸಾಕು.

ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ, ಮೇಜಿನ ಮೇಲುಹಲಗೆಯ ಜೋಡಣೆಯಲ್ಲಿ ಸಂದು ಕಾಣುತ್ತಿದೆ, ಕಪಾಟಿನ ಒಂದು ಕಾಲು ನೆಲ ಮುಟ್ಟುತ್ತಿಲ್ಲ. ಇಂಥ ದೂರು ಬಂದಾಗ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ಮರ ಸರಿಯಿರಲಿಲ್ಲ. ಮರ ಸರಿಯಿಲ್ಲದೆ ಇರಬಹುದು, ಮುಂಬೈಯ ಹವೆಯಲ್ಲಿ ಅದು ದಿನವೂ ಆಗುವ ಮಾತು. ಆದರೆ ನಾನು ನೋಡಿದ ಅಂಗಡಿಗಳಲ್ಲಿ ಹೆಚ್ಚಿನ ಸಲ ತಪ್ಪು ಇದ್ದದ್ದು ಜಾಯಿಂಟರಿನ ಹಿಂಬದಿಯ ಟೇಬಲ್ (ಕೀಸಿದ ಮರ ಹೋಗಿ ಕೂರುವ ಹಾಸು) ಮತ್ತು ಬ್ಲೇಡಿನ ನಡುವಿನ ಎತ್ತರದಲ್ಲಿ. ಒಂದು ಕಾಗದದ ದಪ್ಪಕ್ಕಿಂತಲೂ ಕಡಿಮೆ ವ್ಯತ್ಯಾಸ ಅದು. ಆ ವ್ಯತ್ಯಾಸವನ್ನು ಅಳೆಯಲು ಕಲಿತವನಿಗೆ ಯಂತ್ರ ಹಳೆಯದಾದರೂ ಚಿಂತೆಯಿಲ್ಲ. ಈ ಸಂಜೆ ನಾನು ಹೇಳಬೇಕಾದ ಮುಖ್ಯ ಸಂಗತಿ ಇದೇ. ಉಳಿದದ್ದೆಲ್ಲ ಇದರ ಸುತ್ತಮುತ್ತಲಿನದು.

ಮೊದಲು, ಈ ಯಂತ್ರ ಏಕೆ ಬೇಕು? ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಥಿಕ್ನೆಸ್ ಪ್ಲೇನರ್ ಇದೆಯಲ್ಲ, ಎರಡೂ ಕಡೆ ಅದರಲ್ಲೇ ಹೊಡೆದರಾಯಿತು ಎಂದು ಬಹಳ ಜನ ಕೇಳುತ್ತಾರೆ. ಥಿಕ್ನೆಸ್ ಪ್ಲೇನರಿನೊಳಗೆ ರೋಲರುಗಳಿವೆ. ಅವು ಹಲಗೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತವೆ. ಬಾಗಿದ ಹಲಗೆ ಒಳಗಿರುವಷ್ಟು ಹೊತ್ತು ಚಪ್ಪಟೆಯಾಗಿರುತ್ತದೆ, ಹೊರಬಂದ ಕೂಡಲೇ ಮತ್ತೆ ಬಾಗುತ್ತದೆ. ದಪ್ಪ ಎಲ್ಲೆಡೆ ಒಂದೇ ಆಗಿರುತ್ತದೆ, ಸೊಟ್ಟ ಮಾತ್ರ ಹಾಗೆಯೇ ಉಳಿದಿರುತ್ತದೆ. ಆ ಯಂತ್ರಕ್ಕೆ ಗೊತ್ತಿರುವುದು ಒಂದು ಮುಖಕ್ಕೆ ಸಮಾನಾಂತರವಾಗಿ ಇನ್ನೊಂದನ್ನು ಕೀಸುವುದು. ಮೊದಲ ಮುಖವನ್ನು ಸಮ ಮಾಡಿಕೊಡಬೇಕಾದದ್ದು ಜಾಯಿಂಟರ್. ಹಾಗಾಗಿ ಕ್ರಮ ಹೀಗೆ: ಜಾಯಿಂಟರಿನಲ್ಲಿ ಒಂದು ಮುಖ, ಆ ಮುಖವನ್ನು ಫೆನ್ಸಿಗೆ (ಟೇಬಲಿನ ಮೇಲೆ ನೆಟ್ಟಗೆ ನಿಂತ ಆಸರೆಪಟ್ಟಿಗೆ) ಒತ್ತಿ ಅಲ್ಲೇ ಒಂದು ಅಂಚು, ಬಳಿಕ ಥಿಕ್ನೆಸ್ ಪ್ಲೇನರಿನಲ್ಲಿ ಎರಡನೆಯ ಮುಖ, ಕೊನೆಗೆ ಗರಗಸದಲ್ಲಿ ಎರಡನೆಯ ಅಂಚು. ಮೊದಲ ಮುಖದಲ್ಲಿ ಸುಳ್ಳಿದ್ದರೆ ಮುಂದಿನ ಮೂರೂ ಹಂತಗಳು ಆ ಸುಳ್ಳನ್ನೇ ನಿಷ್ಠೆಯಿಂದ ನಕಲು ಮಾಡುತ್ತವೆ.

ಈಗ ಯಂತ್ರದ ಬಳಿಗೆ ಹೋಗೋಣ. ಎರಡು ಬೀಡುಕಬ್ಬಿಣದ ಟೇಬಲುಗಳು, ನಡುವೆ ತಿರುಗುವ ಕಟರ್ ಬ್ಲಾಕ್, ಅದರಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಬ್ಲೇಡುಗಳು. ನಾವು ಮರ ಇಟ್ಟು ನೂಕಲು ಆರಂಭಿಸುವುದು ಮುಂಬದಿಯ ಟೇಬಲ್. ಕೀಸಿದ ಮರ ಹೋಗಿ ಕೂರುವುದು ಹಿಂಬದಿಯ ಟೇಬಲ್. ಮುಂಬದಿಯದನ್ನು ಎಷ್ಟು ತಗ್ಗಿಸುತ್ತೇವೆಯೋ ಅಷ್ಟು ಮರ ಒಂದು ಸಲಕ್ಕೆ ಹೋಗುತ್ತದೆ. ಸಾಮಾನ್ಯ ಕೆಲಸಕ್ಕೆ 1 ಮಿಲಿಮೀಟರ್, ಕೊನೆಯ ಸಲಕ್ಕೆ ಅರ್ಧ ಮಿಲಿಮೀಟರ್ ಸಾಕು. ಹಿಂಬದಿಯ ಟೇಬಲ್ ಮಾತ್ರ ಬ್ಲೇಡು ತಿರುಗುವಾಗ ತಲುಪುವ ಅತಿ ಎತ್ತರದ ಬಿಂದುವಿಗೆ ಸರಿಸಮವಾಗಿರಬೇಕು.

ಆ ಸಮ ತಪ್ಪಿದರೆ ಮರ ತಾನೇ ಹೇಳುತ್ತದೆ. ಹಿಂಬದಿಯ ಟೇಬಲ್ ಬ್ಲೇಡಿಗಿಂತ ತಗ್ಗಿದ್ದರೆ ಕೀಸಿದ ಭಾಗಕ್ಕೆ ಆಸರೆಯಿಲ್ಲ. ಹಲಗೆಯ ಬಾಲ ಮುಂಬದಿಯ ಟೇಬಲನ್ನು ಬಿಡುವ ಕ್ಷಣದಲ್ಲಿ ಅದು ಕೆಳಕ್ಕೆ ಕುಸಿಯುತ್ತದೆ, ಕೊನೆಯ ಕೆಲವು ಅಂಗುಲದಲ್ಲಿ ಹಳ್ಳ ಬೀಳುತ್ತದೆ. ಇದನ್ನು ನಮ್ಮವರು ಉದ್ದ ಹಲಗೆ ಕೊಂಡು ತುದಿ ಕತ್ತರಿಸಿ ಎಸೆದು ಪರಿಹರಿಸುತ್ತಾರೆ. ಒಳ್ಳೆಯ ತೇಗದ ಬೆಲೆಯಲ್ಲಿ ಹಾಗೆ ಎಸೆಯುವುದನ್ನು ನೋಡಲು ನನಗಾಗುವುದಿಲ್ಲ. ಹಿಂಬದಿಯ ಟೇಬಲ್ ಬ್ಲೇಡಿಗಿಂತ ಎತ್ತರವಿದ್ದರೆ ಹಲಗೆಯ ಮೂತಿ ಅದರ ತುಟಿಗೆ, ಅಂದರೆ ಬ್ಲೇಡಿನ ಕಡೆಯ ಅಂಚಿಗೆ, ತಾಗಿ ನಿಲ್ಲುತ್ತದೆ. ವ್ಯತ್ಯಾಸ ಬಹಳ ಸಣ್ಣದಾದರೆ ತಾಗುವುದಿಲ್ಲ, ಮೇಲಕ್ಕೆ ಹತ್ತುತ್ತದೆ. ಮುಂದಕ್ಕೆ ಹೋದಂತೆ ಕೀಸು ಕಡಿಮೆಯಾಗುತ್ತಾ ಹೋಗಿ ಹಲಗೆ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದರಲ್ಲಿ ದಪ್ಪಗೆ ಆಗುತ್ತದೆ. ಅಂಗಡಿಯ ಹುಡುಗ ಐದು ಸಲ ಹೊಡೆದು ಇನ್ನೂ ಸರಿಯಾಗಲಿಲ್ಲ ಎಂದು ಆರನೆಯ ಸಲಕ್ಕೆ ಕೈ ಹಾಕುತ್ತಿದ್ದರೆ ಅವನನ್ನು ತಡೆಯಿರಿ. ಅವನು ಇನ್ನೂ ಹತ್ತು ಸಲ ಹೊಡೆದರೂ ಹಲಗೆ ಇನ್ನಷ್ಟು ಓರೆಯಾಗುತ್ತದೆಯೇ ಹೊರತು ಸಮವಾಗುವುದಿಲ್ಲ.

ಇನ್ನೊಂದು ಬಗೆಯ ದೋಷ ಎರಡು ಟೇಬಲುಗಳ ನಡುವಿನದು. ಎರಡೂ ಪರಸ್ಪರ ಸಮಾನಾಂತರವಾಗಿರಬೇಕು. ವರ್ಷಗಟ್ಟಲೆ ಭಾರ ಹೊತ್ತು ಟೇಬಲ್ ಏರಿಳಿಯುವ ಓರೆ ಜಾಡು ಸವೆದರೆ ಹೊರತುದಿಗಳು ಜೋತುಬೀಳುತ್ತವೆ. ಆಗ ಯಂತ್ರದ ನಡುಭಾಗ ದಿಬ್ಬವಾಗುತ್ತದೆ, ಅದರಲ್ಲಿ ಹೊಡೆದ ಹಲಗೆಯ ನಡು ಟೊಳ್ಳಾಗುತ್ತದೆ. ಹೊರತುದಿಗಳು ಎದ್ದಿದ್ದರೆ ಹಲಗೆಯ ನಡು ಉಬ್ಬುತ್ತದೆ. ಕೈ ಕೀಸುಳಿ ಬಳಸಿದ ಹಿರಿಯರಿಗೆ ಇದು ಕೂಡಲೇ ಹೊಳೆಯುತ್ತದೆ, ಏಕೆಂದರೆ ಜಾಯಿಂಟರ್ ಎಂದರೆ ಬುಡಮೇಲಾಗಿ ಮಲಗಿಸಿದ ದೊಡ್ಡ ಕೀಸುಳಿಯೇ. ಅಡಿ ಉಬ್ಬಿದ ಕೀಸುಳಿ ಮರದ ನಡುವನ್ನು ಅಗೆಯುತ್ತದೆ. ಪರೀಕ್ಷೆಗೆ ನಂಬಿಕಸ್ಥವಾದ ಉದ್ದನೆಯ ಉಕ್ಕಿನ ನೇರಪಟ್ಟಿಯನ್ನು ಹಿಂಬದಿಯ ಟೇಬಲಿನ ಮೇಲಿಟ್ಟು ಮುಂಬದಿಯ ಟೇಬಲಿನ ಮೇಲಕ್ಕೆ ಚಾಚಿ. ಮುಂಬದಿಯದನ್ನು ಪಟ್ಟಿಗೆ ತಾಗುವವರೆಗೆ ಎತ್ತಿ, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಎಲೆಗಳಿಂದ) ಎರಡೂ ತುದಿಗಳಲ್ಲಿ, ಎರಡೂ ಅಂಚುಗಳಲ್ಲಿ ಸಂದನ್ನು ನೋಡಿ. ಓರೆ ಜಾಡಿನ ಒತ್ತುಪಟ್ಟಿಯನ್ನು ಬಿಗಿ ಮಾಡಿದರೆ ಅರ್ಧದಷ್ಟು ತಪ್ಪು ಹೋಗುತ್ತದೆ. ಉಳಿದದ್ದಕ್ಕೆ ಜಾಡಿನೊಳಗೆ ತೆಳುವಾದ ಲೋಹದ ಹಾಳೆ ಕೊಡಬೇಕು. ಇದು ತಾಳ್ಮೆಯ ಕೆಲಸ, ಒಂದು ಇಡೀ ದಿನ ಎತ್ತಿಡಿ.

ಬ್ಲೇಡ್ ಕೂರಿಸುವ ವಿಚಾರಕ್ಕೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಟೇಬಲಿನ ಮೇಲಿಡಿ. ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳಬೇಡಿ. ಎತ್ತರದ ಸಣ್ಣ ವ್ಯತ್ಯಾಸವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇದ್ದವರು ಅದನ್ನೇ ಬಳಸಲಿ. ಇಲ್ಲದವರಿಗೆ ಒಂದು ಮರದ ಪಟ್ಟಿ ಸಾಕು: ಒಣಗಿದ, ನೇರವಾಗಿ ಕೀಸಿದ, ಒಂದು ಅಡಿ ಉದ್ದದ ಪಟ್ಟಿ. ಅದನ್ನು ಹಿಂಬದಿಯ ಟೇಬಲಿನ ಮೇಲಿಟ್ಟು ಕಟರ್ ಬ್ಲಾಕಿನ ಮೇಲಕ್ಕೆ ಚಾಚಿ, ಟೇಬಲಿನ ತುಟಿ ಇರುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬ್ಲಾಕನ್ನು ಬೆಲ್ಟಿನಿಂದ ನಿಧಾನವಾಗಿ ತಿರುಗಿಸಿ. ಬ್ಲೇಡು ಪಟ್ಟಿಯನ್ನು ಎತ್ತಿ ಮುಂದಕ್ಕೆ ಎಳೆದು ಬಿಡುತ್ತದೆ. ಬಿಟ್ಟ ಜಾಗದಲ್ಲಿ ಮತ್ತೆ ತುಟಿಗೆ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ದೂರವೇ ನಿಮ್ಮ ಅಳತೆ.

ಇದರ ಹಿಂದಿನ ಲೆಕ್ಕ ಸರಳ, ಆದರೆ ಯಾರೂ ಹೇಳಿಕೊಡುವುದಿಲ್ಲ. ಬ್ಲೇಡಿನ ತುದಿ ಸುತ್ತುವ ವೃತ್ತದ ವ್ಯಾಸ 100 ಮಿಲಿಮೀಟರ್ ಇದೆ ಎಂದುಕೊಳ್ಳಿ. ಪಟ್ಟಿ 3 ಮಿಲಿಮೀಟರ್ ಸರಿದರೆ ಬ್ಲೇಡು ಹಿಂಬದಿಯ ಟೇಬಲಿಗಿಂತ ಸುಮಾರು 0.02 ಮಿಲಿಮೀಟರ್ ಎತ್ತರವಿದೆ ಎಂದರ್ಥ. ನಾವು ಬರೆಯುವ ಸಾಮಾನ್ಯ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಅಂದರೆ ಕಾಗದದ ಐದನೆಯ ಒಂದು ಭಾಗವನ್ನು ಬಿಡಿಗಾಸಿನ ಪಟ್ಟಿಯೊಂದು ಕಣ್ಣಿಗೆ ಕಾಣುವ 3 ಮಿಲಿಮೀಟರಾಗಿ ಹಿಗ್ಗಿಸಿ ತೋರಿಸುತ್ತದೆ. ಫೆನ್ಸಿನ ಬಳಿ ಒಮ್ಮೆ, ಈಚೆಯ ತುದಿಯಲ್ಲಿ ಒಮ್ಮೆ, ಪ್ರತಿ ಬ್ಲೇಡಿಗೂ ಹೀಗೆ ಮಾಡಿ. ಎಲ್ಲ ಕಡೆಯೂ ಎಳೆತ ಒಂದೇ ಬಂದರೆ ಬ್ಲೇಡುಗಳು ಸಮನಾಗಿವೆ. ಪಟ್ಟಿ ಸರಿಯುವುದೇ ಇಲ್ಲವಾದರೆ ಬ್ಲೇಡು ತಗ್ಗಿದೆ. 5 ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಎತ್ತರ ಹೆಚ್ಚಾಯಿತು.

ಏಕೆ ಇಷ್ಟು ಹಟ ಎಂದರೆ, ಇನ್ನೊಂದು ಲೆಕ್ಕ ನೋಡಿ. ಬ್ಲಾಕ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ, ಮೂರು ಬ್ಲೇಡುಗಳಿವೆ. ನಿಮಿಷಕ್ಕೆ 15000 ಕೀಸು. ನೀವು ಮರವನ್ನು ನಿಮಿಷಕ್ಕೆ 5 ಮೀಟರ್ ವೇಗದಲ್ಲಿ ನೂಕಿದರೆ ಪ್ರತಿ ಮಿಲಿಮೀಟರಿಗೆ ಮೂರು ಕೀಸು ಬೀಳುತ್ತದೆ. ಬೆರಳಿಗೆ ನುಣುಪು ಎನ್ನಿಸುವುದು ಇದರಿಂದ. ಒಂದು ಬ್ಲೇಡು ಉಳಿದೆರಡಕ್ಕಿಂತ ಎತ್ತರವಿದ್ದರೆ ಕೊನೆಯ ಮುಖವನ್ನು ಬಿಡಿಸುವುದು ಅದೊಂದೇ. ಮಿಲಿಮೀಟರಿಗೆ ಒಂದೇ ಕೀಸು ಉಳಿಯುತ್ತದೆ, ಮರದ ಮೇಲೆ ಅಲೆಗಳು ಕಾಣುತ್ತವೆ. ಮೂರು ಬ್ಲೇಡಿನ ಯಂತ್ರಕ್ಕೆ ಹಣ ಕೊಟ್ಟು ಒಂದು ಬ್ಲೇಡಿನ ಕೆಲಸ ಪಡೆದ ಹಾಗಾಯಿತು.

ಬ್ಲೇಡನ್ನು ಒತ್ತಿ ಹಿಡಿಯುವ ಪಟ್ಟಿಯ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಬ್ಲೇಡು ಆ ಬದಿಯಲ್ಲಿ ಮೇಲಕ್ಕೆ ಜರುಗುತ್ತದೆ. ಬಿಗಿ ಮಾಡಿದ ಮೇಲೆ ಪಟ್ಟಿಯ ಪರೀಕ್ಷೆ ಮತ್ತೊಮ್ಮೆ. ಎಲ್ಲ ಮುಗಿದ ಮೇಲೆ ಪ್ರತಿಯೊಂದು ಬೋಲ್ಟನ್ನೂ ಇನ್ನೊಮ್ಮೆ ಕೈಯಾರೆ ನೋಡಿ. ಬೇರೆಯವರು ಬಿಗಿ ಮಾಡಿದ್ದಾರೆ ಎಂಬ ಮಾತಿನ ಮೇಲೆ ಯಂತ್ರ ಚಾಲೂ ಮಾಡಬೇಡಿ. ಸಡಿಲ ಬ್ಲೇಡು ಹಾರಿದರೆ ಏನಾಗುತ್ತದೆ ಎಂದು ವಿವರಿಸುವ ಅಗತ್ಯವಿಲ್ಲ. ಸಾಣೆಗೆ ಕಳುಹಿಸುವಾಗ ಮೂರನ್ನೂ ಒಟ್ಟಿಗೆ ಕಳುಹಿಸಿ, ಮೂರರ ಅಗಲವೂ ತೂಕವೂ ಒಂದೇ ಇರಲಿ ಎಂದು ಹೇಳಿ. ತೂಕ ಹೆಚ್ಚುಕಡಿಮೆಯಾದರೆ ಬ್ಲಾಕ್ ಅದುರುತ್ತದೆ, ಬೇರಿಂಗ್ ಹೋಗುತ್ತದೆ. ಬ್ಲೇಡಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿ ಬಂದಿದ್ದರೆ ಸಾಣೆಯಲ್ಲಿ ಸುಟ್ಟಿದೆ, ವಾಪಸು ಕೊಡಿ. ಮೊಳೆ ತಾಗಿ ಸಣ್ಣ ಕಚ್ಚು ಬಿದ್ದರೆ ಮರದ ಮೇಲೆ ಉದ್ದಕ್ಕೂ ಒಂದು ಗೀರು ಏಳುತ್ತದೆ. ಅದಕ್ಕಾಗಿ ಕೂಡಲೇ ಸಾಣೆಗೆ ಓಡಬೇಕಾಗಿಲ್ಲ. ಒಂದು ಬ್ಲೇಡನ್ನು ಪಕ್ಕಕ್ಕೆ ಒಂದು ಮಿಲಿಮೀಟರ್ ಸರಿಸಿ ಕೂರಿಸಿದರೆ ಒಂದರ ಕಚ್ಚನ್ನು ಇನ್ನೊಂದು ಅಳಿಸುತ್ತದೆ.

ಮೊಳೆಯ ಮಾತು ಬಂತು, ಮುಂಬೈಯ ಮರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಈ ಊರಿಗೂ ತೇಗಕ್ಕೂ ಹಳೆಯ ನಂಟು. 1817ರಲ್ಲಿ ಮುಂಬೈಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲೆಯೇ ಇದೆ. ಅದರ ಒಂದೊಂದು ಹಲಗೆಯನ್ನೂ ಸಮ ಮಾಡಿದ್ದು ಬಾಚಿ ಮತ್ತು ಕೀಸುಳಿ ಹಿಡಿದ ಕೈಗಳು. ಸ್ಯಾಮ್ಯುಯೆಲ್ ಬೆಂಥಮ್ ಮರ ಕೀಸುವ ಯಂತ್ರಕ್ಕೆ 1791ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ, ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್ ತನ್ನ ಯಂತ್ರಕ್ಕೆ 1828ರಲ್ಲಿ ಪಡೆದ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲೇ ಇತ್ತು, ಕಾಳಿ ನದಿಯ ಕಾಡಿನ ತೇಗದ ಗುಣ ಇಲ್ಲಿಯ ಹಳೆಯ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು.

ಇಂದು ಚಾಳುಗಳು (ಸಾಲುಮನೆಗಳ ವಠಾರಗಳು), ಹಳೆಯ ಬಂಗಲೆಗಳು ಒಂದೊಂದಾಗಿ ಕೆಡವಲ್ಪಡುತ್ತಿವೆ. ಅವುಗಳ ತೊಲೆ, ದಾರಂದ, ಮೆಟ್ಟಿಲುಗಳಿಂದ ಬರ್ಮಾ ತೇಗ ಹೊರಬರುತ್ತಿದೆ. ಇಂಥ ಮರ ಮತ್ತೆ ಸಿಗುವುದಿಲ್ಲ. ದಶಕಗಳ ಕಾಲ ಒಣಗಿ ನೆಮ್ಮದಿಯಾಗಿ ಕುಳಿತ ಮರ ಅದು, ಹೊಸ ತೇಗದ ಹಾಗೆ ಮರುವಾರವೇ ಸೊಟ್ಟಗಾಗುವುದಿಲ್ಲ. ಓಶಿವರಾದ ಪೀಠೋಪಕರಣದ ಬೀದಿಗಳಲ್ಲಿ ಓಡಾಡಿದವರಿಗೆ ಆ ಬಣ್ಣ ಗೊತ್ತು. ಆದರೆ ಜಾಯಿಂಟರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಒಳಗೆ ತಲೆ ಮುರಿದ ಮೊಳೆಗಳಿರುತ್ತವೆ, ಗೋಡೆಗೆ ಸೇರಿದ್ದ ಭಾಗದಲ್ಲಿ ಸುಣ್ಣ ಮರಳು ಕಚ್ಚಿಕೊಂಡಿರುತ್ತವೆ. ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ, ಅಯಸ್ಕಾಂತ ಅಥವಾ ಲೋಹಶೋಧಕ ಆಡಿಸಿ, ಕಪ್ಪು ಕಲೆ ಕಂಡಲ್ಲೆಲ್ಲ ಉಳಿಯಿಂದ ಕೆದಕಿ ನೋಡಿ. ತೇಗದೊಳಗೆ ಕಬ್ಬಿಣ ಇದ್ದಲ್ಲಿ ಸುತ್ತಲೂ ಕಪ್ಪಾಗುತ್ತದೆ. ಮೇಲಿನ ಕೊಳಕು ಪದರವನ್ನು ಕೈ ಕೀಸುಳಿಯಿಂದ ತೆಗೆದ ಮೇಲೆಯೇ ಯಂತ್ರಕ್ಕೆ ಕೊಡಿ. ಶುದ್ಧ ತೇಗವೂ ಬ್ಲೇಡಿಗೆ ಸುಲಭವಲ್ಲ, ಅದರೊಳಗೆ ಮರಳಿನಂಥ ಸಿಲಿಕಾ ಇದೆ. ಹೀಗಾಗಿ ತೇಗದ ಅಂಗಡಿಯಲ್ಲಿ ಬ್ಲೇಡು ಪೈನಿನ ಅಂಗಡಿಗಿಂತ ಬೇಗ ಮೊಂಡಾಗುತ್ತದೆ. ಪ್ಲೈವುಡ್ ಮತ್ತು ಎಂ.ಡಿ.ಎಫ್. (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆಗಳನ್ನು ಜಾಯಿಂಟರಿಗೆ ಕೊಡಲೇಬೇಡಿ. ಅಂಟಿನ ಪದರ ಬ್ಲೇಡಿನ ಒಂದೇ ಜಾಗವನ್ನು ಸವೆಸಿ ಗುಳಿ ಮಾಡುತ್ತದೆ.

ಮಳೆಗಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗಾಳಿಯ ತೇವ 80ರಿಂದ 85 ಶೇಕಡಾ ಇದ್ದಾಗ ಮರದೊಳಗಿನ ತೇವ ನಿಧಾನವಾಗಿ 16ರಿಂದ 18 ಶೇಕಡಾದ ಕಡೆಗೆ ಏರುತ್ತದೆ. ಅದೇ ಮರದ ಮೇಜು ಹವಾನಿಯಂತ್ರಿತ ಕೋಣೆಗೆ ಹೋದರೆ 9 ಅಥವಾ 10ಕ್ಕೆ ಇಳಿಯುತ್ತದೆ. 300 ಮಿಲಿಮೀಟರ್ ಅಗಲದ ಅಡ್ಡಸೀಳಿನ (ಅಗಲವು ಮರದ ಉಂಗುರಗಳ ಓಟದ ಜೊತೆಗೇ ಬರುವಂತೆ ಸೀಳಿದ) ತೇಗದ ಹಲಗೆ ಆ ದಾರಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಕುಗ್ಗಬಹುದು. ಜುಲೈಯಲ್ಲಿ ಕನ್ನಡಿಯ ಹಾಗೆ ಸಮ ಮಾಡಿದ ಹಲಗೆಯನ್ನು ಡಿಸೆಂಬರಿನಲ್ಲಿ ನೋಡಿ ಯಂತ್ರವನ್ನು ಬೈಯಬಾರದು. ಆಷಾಢ ಶ್ರಾವಣದಲ್ಲಿ ಕೆಲಸ ಮಾಡಲೇಬೇಕಾದರೆ ಎರಡು ಹಂತದಲ್ಲಿ ಮಾಡಿ. ಮೊದಲು ಬೇಕಾದ ದಪ್ಪಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಹೆಚ್ಚು ಉಳಿಸಿ, ಎರಡೂ ಮುಖಗಳಿಂದ ಸಮನಾಗಿ ಕೀಸಿ, ನಡುವೆ ಸಣ್ಣ ಪಟ್ಟಿಗಳನ್ನಿಟ್ಟು ಅಟ್ಟಿ ಹಾಕಿ ಕೆಲವು ದಿನ ಒಳಗಿಡಿ. ಒಳಗಿನ ಬಿಗುವು ಬಿಡಿಸಿಕೊಂಡು ಅದು ಎತ್ತ ತಿರುಗಬೇಕೋ ತಿರುಗಲಿ. ಆಮೇಲೆ ಕೊನೆಯ ಕೀಸು. ಗಿರಾಕಿ ಅವಸರ ಮಾಡುತ್ತಾರೆ, ನಿಜ. ಆದರೂ ಈ ಕೆಲವು ದಿನಗಳನ್ನು ಕೇಳಿ ಪಡೆಯಿರಿ.

ಈಗ ಕೈಗಳ ಕೆಲಸ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಬಟ್ಟಲಿನಂತೆ ತಗ್ಗಾದ ಮುಖ ಕೆಳಗಿರಲಿ, ಆಗ ಅದು ಎರಡು ಅಂಚುಗಳ ಮೇಲೆ ಅಲುಗಾಡದೆ ಕೂರುತ್ತದೆ. ತಿರುಚಿದ ಹಲಗೆ ಕಷ್ಟದ್ದು: ಅದು ಎರಡು ಎದುರುಮೂಲೆಗಳ ಮೇಲೆ ನಿಂತು ತೊನೆಯುತ್ತದೆ. ಅದನ್ನು ಒಂದು ಬದಿಗೆ ಒರಗಿಸದೆ ನಡುವಿನ ಸಮತೋಲದಲ್ಲಿ ಹಿಡಿದು ಎತ್ತರದ ಮೂಲೆಗಳನ್ನು ಮೊದಲು ಇಳಿಸಬೇಕು. ಬಲ ಹಾಕಿ ಟೇಬಲಿಗೆ ಒತ್ತಿದರೆ ಥಿಕ್ನೆಸ್ ಪ್ಲೇನರಿನ ರೋಲರು ಮಾಡುವ ತಪ್ಪನ್ನೇ ನಿಮ್ಮ ಕೈ ಮಾಡಿದಂತೆ. ಎಳೆಗಳ ಓಟವನ್ನು ಅಂಚಿನಲ್ಲಿ ನೋಡಿ, ಬ್ಲೇಡು ಎಳೆಯನ್ನು ಎಬ್ಬಿಸದೆ ಸವರಿಕೊಂಡು ಹೋಗುವ ದಿಕ್ಕಿಗೆ ನೂಕಿ. ವಿರುದ್ಧವಾಗಿ ನೂಕಿದರೆ ಸಿಬಿರು ಎದ್ದು ಮುಖ ಕಿತ್ತುಬರುತ್ತದೆ. ಹಲಸು, ಮತ್ತಿಯಂಥ ಮರದಲ್ಲಿ ಎಳೆಗಳು ಪದರಕ್ಕೊಂದು ದಿಕ್ಕು ಹಿಡಿದಿರುತ್ತವೆ. ಅಲ್ಲಿ ಯಾವ ದಿಕ್ಕೂ ಪೂರ್ತಿ ಸರಿಯಲ್ಲ. ಸಾಣೆ ಹೊಸದಿರಲಿ, ಕೀಸು ತೆಳ್ಳಗಿರಲಿ, ನೂಕು ನಿಧಾನವಿರಲಿ.

ಮೊದಲು ಒತ್ತು ಮುಂಬದಿಯ ಟೇಬಲಿನ ಮೇಲೆ. ಹಲಗೆ ಒಂದು ಅಡಿಯಷ್ಟು ಆಚೆ ದಾಟಿದ ಮೇಲೆ ಒತ್ತೆಲ್ಲವೂ ಹಿಂಬದಿಯ ಟೇಬಲಿಗೆ ಹೋಗಬೇಕು. ಅಲ್ಲಿಂದ ಮುಂದೆ ಹಲಗೆಗೆ ಗುರುವೆಂದರೆ ಈಗಾಗಲೇ ಸಮವಾದ ಅದರ ಮೂತಿ, ಆ ಮೂತಿ ಕುಳಿತಿರುವುದು ಹಿಂಬದಿಯ ಟೇಬಲಿನ ಮೇಲೆ. ಮುಂಬದಿಯಲ್ಲೇ ಒತ್ತುತ್ತಾ ಹೋದವನು ಹಳೆಯ ಸೊಟ್ಟವನ್ನೇ ಮತ್ತೆ ಮತ್ತೆ ಅನುಸರಿಸುತ್ತಾನೆ.

ಅಂಚು ಹೊಡೆಯುವಾಗ ಫೆನ್ಸಿನ ಮೂಲೆಯನ್ನು ಹಿಂಬದಿಯ ಟೇಬಲಿನ ಮೇಲೆ ಗುಣಿಯಾ (ಲಂಬಕೋನ ನೋಡುವ ಸಾಧನ) ಇಟ್ಟು ನೋಡಿ, ಫೆನ್ಸಿನ ಮೇಲಿರುವ ಡಿಗ್ರಿಯ ಮುಳ್ಳನ್ನು ನಂಬಬೇಡಿ. ಎರಡು ಹಲಗೆಗಳನ್ನು ಅಂಟಿಸುವುದಾದರೆ ಒಂದರ ಒಳ್ಳೆಯ ಮುಖವನ್ನು ಫೆನ್ಸಿಗೆ, ಇನ್ನೊಂದರ ಒಳ್ಳೆಯ ಮುಖವನ್ನು ಹೊರಕ್ಕೆ ಇಟ್ಟು ಹೊಡೆಯಿರಿ. ಫೆನ್ಸು ಅರ್ಧ ಡಿಗ್ರಿ ಓರೆಯಿದ್ದರೂ ಒಂದರ ಓರೆ ಇನ್ನೊಂದರ ಓರೆಯನ್ನು ಕಳೆಯುತ್ತದೆ, ಮೇಲುಹಲಗೆ ಚಪ್ಪಟೆಯಾಗಿ ಬರುತ್ತದೆ.

ಬೆರಳುಗಳ ವಿಚಾರದಲ್ಲಿ ನಾನು ಕಠಿಣವಾಗಿ ಮಾತನಾಡುತ್ತೇನೆ. ಹಿಂದೆ ಕಟರ್ ಬ್ಲಾಕುಗಳು ಚೌಕಾಕಾರವಿದ್ದವು. ಬ್ಲಾಕಿನ ಚಪ್ಪಟೆ ಬದಿಗೂ ಟೇಬಲಿಗೂ ನಡುವೆ ದೊಡ್ಡ ಬಾಯಿ ತೆರೆಯುತ್ತಿತ್ತು, ಜಾರಿದ ಕೈ ಒಳಕ್ಕೇ ಹೋಗುತ್ತಿತ್ತು. ಉರುಳೆಯಾಕಾರದ ಬ್ಲಾಕಿನಿಂದ ಬ್ಲೇಡು ಸುಮಾರು ಒಂದು ಮಿಲಿಮೀಟರ್ ಮಾತ್ರ ಹೊರಚಾಚಿರುತ್ತದೆ. ಗಾಯ ಆಗುವುದೇ ಇಲ್ಲ ಎಂದಲ್ಲ, ಆದರೆ ಇಡೀ ಕೈ ಹೋಗುವ ಕಾಲ ಮುಗಿಯಿತು. 1948ರ ಕಾರ್ಖಾನೆ ಕಾಯ್ದೆಯಡಿ ಮಹಾರಾಷ್ಟ್ರ ರೂಪಿಸಿದ 1963ರ ನಿಯಮಗಳು ಕೈಯಿಂದ ನೂಕುವ ಪ್ಲೇನಿಂಗ್ ಯಂತ್ರಕ್ಕೆ ಉರುಳೆ ಬ್ಲಾಕನ್ನೂ, ಬ್ಲೇಡು ಹೊರಬರುವ ಸೀಳಿನ ಉದ್ದ ಅಗಲಗಳನ್ನು ಪೂರ್ತಿ ಮುಚ್ಚಬಲ್ಲ, ಸುಲಭವಾಗಿ ಸರಿಸಬಲ್ಲ ಸೇತುವೆಯಂಥ ಗಾರ್ಡನ್ನೂ ಕಡ್ಡಾಯ ಮಾಡಿದವು. ನಮ್ಮಲ್ಲಿ ನಾಲ್ಕೈದು ಜನರ ಅಂಗಡಿಗಳೇ ಹೆಚ್ಚು, ಇನ್ಸ್‌ಪೆಕ್ಟರ್ ಬರುವುದಿಲ್ಲ. ಯಂತ್ರ ಬಂದ ದಿನವೇ ಗಾರ್ಡ್ ಕಳಚಿ ಮೂಲೆಗೆಸೆದ ಅಂಗಡಿಗಳನ್ನು ನಾವೆಲ್ಲರೂ ನೋಡಿದ್ದೇವೆ. ಮಾಲೀಕರಾಗಿರುವ ಅಣ್ಣಂದಿರಿಗೆ ನನ್ನ ಬೇಡಿಕೆ ಒಂದೇ: ನಾಳೆ ಬೆಳಿಗ್ಗೆ ಆ ಗಾರ್ಡನ್ನು ಹುಡುಕಿ ಹಾಕಿಸಿ. ಊರಿನಿಂದ ನಿಮ್ಮನ್ನು ನಂಬಿ ಬಂದ ಹುಡುಗನ ಬೆರಳು ನಿಮ್ಮ ಜವಾಬ್ದಾರಿ.

ಒಂದು ಅಡಿಗಿಂತ ಗಿಡ್ಡ ತುಂಡನ್ನು ಜಾಯಿಂಟರಿಗೆ ಕೊಡಬೇಡಿ. ಉದ್ದ ಹಲಗೆಯಲ್ಲೇ ಹೊಡೆದು ಆಮೇಲೆ ತುಂಡು ಮಾಡಿ. ಬೆರಳಿಗಿಂತ ತೆಳ್ಳಗಿನ ಹಲಗೆಯೂ ಬೇಡ, ಅದು ಬ್ಲಾಕಿನ ಮೇಲೆ ಸಿಡಿದು ಒಡೆಯುತ್ತದೆ. ಮುಖ ಹೊಡೆಯುವಾಗ ಹಿಡಿಕೆಯಿರುವ ನೂಕುಹಲಗೆ ಎರಡೂ ಕೈಯಲ್ಲಿರಲಿ, ಕೈ ಬ್ಲಾಕಿನ ನೇರ ಮೇಲೆ ಹಾದುಹೋಗದಿರಲಿ, ಹೆಬ್ಬೆರಳು ಹಲಗೆಯ ಬಾಲಕ್ಕೆ ಕೊಕ್ಕೆ ಹಾಕದಿರಲಿ. ಕೈಗವಸು ಖಂಡಿತ ಬೇಡ, ಬ್ಲೇಡು ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹಲಗೆಯ ಹಿಂದೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಧೂಳೆಳೆಯುವ ಯಂತ್ರ ಕೊಳ್ಳಲಾಗದಿದ್ದರೆ ಒಳ್ಳೆಯ ಮಾಸ್ಕಾದರೂ ಇರಲಿ. ಬೆವರಿನ ಕರವಸ್ತ್ರ ಅದರ ಕೆಲಸ ಮಾಡುವುದಿಲ್ಲ.

ಇನ್ನು ತುಕ್ಕು. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಬೀಡುಕಬ್ಬಿಣದ ಟೇಬಲ್. ಒಂದು ರಾತ್ರಿ ಬೆವರಿನ ಕೈಗುರುತು ಉಳಿದರೂ ಬೆಳಿಗ್ಗೆ ಕೆಂಪು ಕಲೆ. ದಿನದ ಕೊನೆಗೆ ಒಣ ಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ಗಟ್ಟಿ ಮೇಣ ಸವರಿ ಉಜ್ಜಿ. ಮರವೂ ಸಲೀಸಾಗಿ ಜಾರುತ್ತದೆ. ಸಿಲಿಕೋನ್ ಇರುವ ಸ್ಪ್ರೇ ಬೇಡ, ಅದು ಮರಕ್ಕೆ ಹತ್ತಿ ಪಾಲಿಷ್ ಹಿಡಿಯದಂತೆ ಮಾಡುತ್ತದೆ. ರಾತ್ರಿ ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ದಪ್ಪ ಹತ್ತಿ ಬಟ್ಟೆ ಹೊದಿಸಿ. ತುಕ್ಕು ಬಂದಿದ್ದರೆ ನುಣುಪಾದ ಮರಳುಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉದ್ದಕ್ಕೆ ಉಜ್ಜಿ. ಗ್ರೈಂಡರ್ ಹಿಡಿದರೆ ಟೇಬಲಿನಲ್ಲಿ ಗುಳಿ ಬೀಳುತ್ತದೆ, ಅದಕ್ಕೆ ಔಷಧಿಯಿಲ್ಲ. ಬ್ಲೇಡಿಗೆ ಅಂಟಿದ ರಾಳವನ್ನು ಸೀಮೆಎಣ್ಣೆಯಿಂದ ತೆಗೆಯಿರಿ. ಬೆಲ್ಟಿನ ಬಿರುಕು, ಪುಲ್ಲಿಗಳ ನೇರ, ಬೇರಿಂಗಿನ ಸದ್ದು ಇವನ್ನು ಮಳೆಗೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ನೋಡಿದರೆ ಸಾಕು.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಸುರುಳಿ ಕಟರ್ ಬ್ಲಾಕ್ ಹಾಕಿಸಿದರೆ ಬ್ಲೇಡ್ ಕೂರಿಸುವ ತಲೆನೋವೇ ಇರುವುದಿಲ್ಲವಲ್ಲ ಎಂದು ಯುವತಿಯೊಬ್ಬರು ಕೇಳಿದರು. ಹೌದಮ್ಮ, ಒಳ್ಳೆಯ ವಸ್ತು. ಸಣ್ಣ ಸಣ್ಣ ಚೌಕ ಕಾರ್ಬೈಡ್ ತುಣುಕುಗಳು ಸಾಲಾಗಿರುತ್ತವೆ, ಒಂದೊಂದಕ್ಕೂ ನಾಲ್ಕು ಅಂಚು. ಒಂದು ಮೊಂಡಾದರೆ ತಿರುಗಿಸಿದರಾಯಿತು. ಸದ್ದು ಕಡಿಮೆ, ಸಿಬಿರು ಕಡಿಮೆ, ಸಿಲಿಕಾ ಇರುವ ತೇಗಕ್ಕೆ ಬಹಳ ಹೊಂದುತ್ತದೆ. ಚಾಳಿನ ಕೆಳಗಿನ ಅಂಗಡಿಯವರಿಗೆ ನೆರೆಹೊರೆಯ ಜಗಳವೂ ತಪ್ಪುತ್ತದೆ. ಬೆಲೆ ಜಾಸ್ತಿ. ಆದರೆ ಅದನ್ನು ಹಾಕಿಸಿದ ಮೇಲೂ ಹಿಂಬದಿಯ ಟೇಬಲನ್ನು ಅದರ ಎತ್ತರಕ್ಕೆ ಹೊಂದಿಸಲೇಬೇಕು, ಟೇಬಲುಗಳು ಸಮಾನಾಂತರ ಇರಲೇಬೇಕು. ಆ ಕೆಲಸವನ್ನು ಯಾವ ಬ್ಲಾಕೂ ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಹಳೆಯ ಯಂತ್ರ ಕೊಳ್ಳಲು ಹೊರಟಿರುವ ಒಬ್ಬರು ಏನನ್ನು ನೋಡಬೇಕು ಎಂದರು. ಬಣ್ಣ ನೋಡಬೇಡಿ, ಮೋಟಾರನ್ನೂ ಮೊದಲು ನೋಡಬೇಡಿ, ಎರಡೂ ಬದಲಾಗುತ್ತವೆ. ನೇರಪಟ್ಟಿಯನ್ನು ಜೊತೆಗೇ ಒಯ್ದು ಎರಡು ಟೇಬಲುಗಳ ಮೇಲೆ ಉದ್ದಕ್ಕೂ ಕರ್ಣಕ್ಕೂ ಇಟ್ಟು ನೋಡಿ. ಟೇಬಲಿನ ಹೊರತುದಿಯನ್ನು ಕೈಯಿಂದ ಎತ್ತಿ ಅಲುಗಾಡಿಸಿ. ಬೀಡುಕಬ್ಬಿಣದಲ್ಲಿ ಬೆಸುಗೆಯ ಗುರುತಿದ್ದರೆ ಬಿಟ್ಟುಬಿಡಿ. ಬ್ಲಾಕನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಗರಗರ ಕೇಳಿ, ಅದು ದೊಡ್ಡ ಖರ್ಚಲ್ಲ, ಬೆಲೆಯಲ್ಲಿ ಕಳೆದುಕೊಳ್ಳಬಹುದು. ಬ್ಲಾಕ್ ಚೌಕಾಕಾರದ್ದಾಗಿದ್ದರೆ ಎಷ್ಟೇ ಅಗ್ಗವಾದರೂ ತರಬೇಡಿ. ಹಿಂಬದಿಯ ಟೇಬಲ್ ಏರಿಳಿಯುತ್ತದೆಯೇ, ಇಲ್ಲ ಗಟ್ಟಿಯಾಗಿ ಕೂರಿಸಿದ್ದಾರೆಯೇ ಕೇಳಿ. ಏರಿಳಿಯುವುದಾದರೆ ಬ್ಲೇಡ್ ಕೂರಿಸುವ ಕೆಲಸ ಅರ್ಧಕ್ಕರ್ಧ ಸುಲಭ. ಗಾರ್ಡ್ ಎಲ್ಲಿದೆ ಎಂದೂ ಕೇಳಿ, ಹುಡುಕಿಸಿ, ಅದನ್ನೂ ಟೆಂಪೋದಲ್ಲಿ ಹಾಕಿಸಿಕೊಂಡು ಬನ್ನಿ.